ಇವತ್ತು ಕಿಟಕಿ ಸೀಟು ನನಗೆ

ರೀ,

ನೀವು ಏಳುವಷ್ಟರಲ್ಲಿ ನಾನು ಬಸ್ಸಿನಲ್ಲಿರುತ್ತೇನೆ. ಗಾಬರಿ ಬೇಡ, ಡ್ಯೂಟಿಗಲ್ಲ. ಯೂನಿಫಾರ್ಮು ತಂತಿಯ ಮೇಲೆ ಒಣಗುತ್ತಿದೆ, ಮಳೆ ಹನಿದರೆ ಒಳಗೆ ತನ್ನಿ.

ಫೋನು ಬೇಕೆಂದೇ ಬಿಟ್ಟುಹೋಗುತ್ತಿದ್ದೇನೆ. ರಜೆಯ ದಿನ ಬರುವುದಿಲ್ಲ ಎಂದು ಡಿಪೋದಲ್ಲಿ ನಿನ್ನೆಯೇ ಹೇಳಿದ್ದೇನೆ. ಆದರೂ ಫೋನ್ ಮಾಡುತ್ತಾರೆ, ನೀವಿದ್ದೀರಲ್ಲ ಅನ್ನುವ ಧೈರ್ಯ! ಪ್ರತಿ ಸಲ ನನ್ನ ಫೋನೆತ್ತಿ, ಎದ್ದು ನಿಂತು, “ಅಯ್ಯೋ, ಬರ್ತಾಳೆ ಸಾರ್, ಈಗ್ಲೇ ಕಳಿಸ್ತೀನಿ” ಅನ್ನುವವರು ನೀವೇ ತಾನೆ? ರಜೆ ನನ್ನದು, ದಾನ ನಿಮ್ಮದು. ರಜೆಯಿಲ್ಲದೆ ದುಡಿದು ಹೋದ ವಾರ ನಾನು ನಿದ್ದೆಗಣ್ಣಿನಲ್ಲಿ “ಒಳಗಡೆ ಹೋಗ್ರೀ, ಡೋರ್ ಹತ್ರ ನಿಲ್ಬೇಡಿ” ಎಂದು ಕೂಗಿ ನಿಮ್ಮನ್ನೇ ಮಂಚದಿಂದ ತಳ್ಳಿದ್ದು ಮರೆತಿರಾ?

ಫಾಯಿಜಾ, ಸರೋಜಕ್ಕ, ನಾನು, ಮೂವರು ಕಂಡಕ್ಟರುಗಳೂ ಇವತ್ತು ಪ್ಯಾಸೆಂಜರುಗಳು! ಯಲಹಂಕದಲ್ಲಿ ಬಸ್ ಹತ್ತಿ ಚಿಕ್ಕಜಾಲದಲ್ಲಿರುವ ಫಾಯಿಜಾಳ ತಾಯಿಯ ಮನೆಗೆ ಊಟಕ್ಕೆ. ದಾರಿಯುದ್ದಕ್ಕೂ ಕೂತೇ ಇರುತ್ತೇನೆ. ಕಿಟಕಿ ಸೀಟು ನನಗೇ ಎಂದು ಜಗಳವಾಡಿ ಗೆದ್ದಿದ್ದೇನೆ.

ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ. ಚಟ್ನಿ ನೀವೇ ರುಬ್ಬಿಕೊಳ್ಳಿ, ಉಪ್ಪು ಮರೆಯಬೇಡಿ.

ಫೋನ್ ಬಂದರೆ “ಆಗಲ್ಲ ಸಾರ್” ಅನ್ನಿ, ಸಾಕು. ಬರ್ತಾಳೆ ಅಂದ ಬಾಯೇ ಇದನ್ನೂ ಹೇಳಬೇಕು. ನಾಲಿಗೆ ಹೊರಳದಿದ್ದರೆ ಮೊದಲು ಬಚ್ಚಲುಮನೆಯ ಕನ್ನಡಿ ಮುಂದೆ ಹೇಳಿ ನೋಡಿ. ವಾರವಿಡೀ ನಾನು ನಲ್ಲಿ ಬಿಟ್ಟುಕೊಂಡು ಅದನ್ನೇ ಹೇಳಿಕೊಳ್ಳುತ್ತಿದ್ದೆ.

ನೀವು, ಹಾಡುತ್ತಿದ್ದಾಳೆ ಅಂದುಕೊಂಡಿದ್ದಿರಿ.

ಧನು