ಉಸಿರಿನ ಪಾಳಿ

ಮನೆಯಿಂದ,
ಶನಿವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಕೋಲು ಹಿಡಿಯುತ್ತೀಯೋ, ಇಲ್ಲ ಕೋಲು ಮೂಲೆಯಲ್ಲಿ ನಿಂತು ನೀನು ಹತ್ತುವುದನ್ನು ನೋಡುತ್ತಿರುತ್ತದೋ? ಭಾವನ ಕನ್ನಡಕ ಸಿಕ್ಕಿತೇ? ಫೋನ್ ಬಿಟ್ಟು ಇವನೇಕೆ ಕಾಗದ ಬರೆಯಲು ಕೂತ ಎಂದು ನಿನಗೆ ಆಗಲೇ ಅನುಮಾನ ಬಂದಿರುತ್ತದೆ. ಫೋನಿನಲ್ಲಿ ನಿನ್ನ ಕಿವಿಗೆ ಬೀಳಬೇಕಾದರೆ ನಾನು ಕೂಗಬೇಕು. ಕೂಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ವಿಷಯ ಅದೇ. ನನ್ನ ಗಂಟಲಲ್ಲಿ ಒಂದು ಗಂಟು ಇದೆ. ಗಾಬರಿಯಾಗಬೇಡ, ಆ ಕೆಲಸವನ್ನು ನಾನೇ ಸಾಕಷ್ಟು ಮಾಡುತ್ತಿದ್ದೇನೆ.

ನಮ್ಮ ಹಾಡಿನ ಬಳಗ ನಿನಗೆ ಗೊತ್ತಲ್ಲ. ಗ್ರಂಥಾಲಯದ ಹಿಂದಿನ ಹಾಲಿನಲ್ಲಿ ಪ್ರತಿ ಮಂಗಳವಾರ ಸಂಜೆ ಆರರಿಂದ ಏಳೂವರೆ. ಮೂವತ್ತನಾಲ್ಕು ಜನ, ಎರಡು ಫ್ಯಾನು, ಅದರಲ್ಲಿ ಒಂದು ತಿರುಗುವುದಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ನಾನು ತಪ್ಪಿಸಿದ್ದು ಒಂಬತ್ತು ಮಂಗಳವಾರ, ಮಗಳ ಮದುವೆಯದೂ ಸೇರಿ. ನಟ್ಟು-ಬೋಲ್ಟಿನ ಅಂಗಡಿಯನ್ನು ಅಳಿಯನ ಕೈಗೆ ಕೊಟ್ಟ ದಿನ, ಇನ್ನು ಹೊತ್ತು ಹೇಗೆ ಕಳೆಯುತ್ತೀರಿ ಎಂದು ಎಲ್ಲರೂ ಕೇಳಿದರು. ನನಗೆ ನಗು ಬಂತು. ಮಂಗಳವಾರ ಬರಲಿ ಎಂದು ಹೊತ್ತು ಕಳೆಯುತ್ತಿದ್ದದ್ದು ಅಂಗಡಿಯಲ್ಲಿ.

ಹಿಂದಿನ ಸಾಲಿನಲ್ಲಿ ಭಾರದ ದನಿಯವರು ಮೂವರು: ನಾನು, ಪಕ್ಕದಲ್ಲಿ ದರ್ಜಿ, ಅವನಾಚೆ ನಿವೃತ್ತ ಪೋಸ್ಟ್‌ಮ್ಯಾನ್. ಒಂದು ಹಾಡಿನ ಕೊನೆಯಲ್ಲಿ ತೀರ ಕೆಳಗಿನ ಸ್ವರವನ್ನು ಇಪ್ಪತ್ತನಾಲ್ಕು ಎಣಿಕೆ ಹಿಡಿಯಬೇಕು. ಅಷ್ಟು ಉಸಿರು ಯಾರಪ್ಪನ ಮನೆಯಲ್ಲೂ ಇಲ್ಲ. ಅದಕ್ಕೆ ನಾವು ಪಾಳಿ ಹಾಕಿಕೊಂಡಿದ್ದೇವೆ. ಎಂಟನೇ ಎಣಿಕೆಗೆ ನಾನು ಉಸಿರು ತೆಗೆದುಕೊಳ್ಳಬೇಕು, ಹನ್ನೆರಡಕ್ಕೆ ದರ್ಜಿ, ಹದಿನಾರಕ್ಕೆ ಪೋಸ್ಟ್‌ಮ್ಯಾನ್. ಒಬ್ಬ ನಿಲ್ಲಿಸಿದಾಗ ಉಳಿದವರು ಹೊರುತ್ತಾರೆ. ಕೇಳುವವರಿಗೆ ದಾರ ಎಲ್ಲೂ ಕಡಿಯುವುದಿಲ್ಲ.

ಎರಡು ತಿಂಗಳಿಂದ ನನ್ನ ಉಸಿರು ಐದಕ್ಕೇ ಮುಗಿಯುತ್ತಿತ್ತು. ವಯಸ್ಸು ಎಂದುಕೊಂಡು ಐದಕ್ಕೇ ಕದ್ದು ಎಳೆದುಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಎಂಬ ಧೈರ್ಯ. ದರ್ಜಿಗೆ ಗೊತ್ತಿತ್ತು. ಅವನು ಒಂದು ಮಾತೂ ಆಡದೆ ತನ್ನ ಪಾಳಿಯನ್ನು ಎಂಟಕ್ಕೆ ತಂದುಕೊಂಡ, ಹನ್ನೆರಡರ ಹೊತ್ತಿಗೆ ನಾನು ಮತ್ತೆ ಸೋತಾಗ ಅವನು ಗಟ್ಟಿಯಾಗಿರಲಿ ಎಂದು. ನಾನೂ ಗಮನಿಸಿದೆ, ಗಮನಿಸದವನಂತೆ ಇದ್ದುಬಿಟ್ಟೆ. ಕಳೆದ ಮಂಗಳವಾರ ಪೋಸ್ಟ್‌ಮ್ಯಾನ್‌ಗೆ ಜ್ವರ, ಬಂದಿರಲಿಲ್ಲ. ಇವತ್ತಾದರೂ ಮರ್ಯಾದೆಯಿಂದ ಎಂಟರವರೆಗೆ ಎಳೆಯೋಣ ಎಂದು, ದರ್ಜಿಯ ಹೊಸ ಪಾಳಿಯನ್ನೂ ಮರೆತು ನಾನು ಹಟ ಹಿಡಿದೆ. ಎಳೆದೆ ಕೂಡ. ಎಂಟಕ್ಕೆ ಇಬ್ಬರೂ ಒಟ್ಟಿಗೆ ಬಾಯಿ ಮುಚ್ಚಿದೆವು. ಹಾಲಿನ ಮಧ್ಯೆ ನೆಲ ಕುಸಿದ ಹಾಗಾಯಿತು. ಹಾಡಿಸುವ ಟೀಚರಮ್ಮ ಕೈ ಇಳಿಸಿ ನಮ್ಮ ಕಡೆ ನೋಡಿದರು. ದರ್ಜಿ ತಲೆ ಕೆರೆದುಕೊಂಡು, “ತಪ್ಪು ನಂದೇ ಮೇಡಂ, ಎಣಿಕೆ ತಪ್ಪೋಯ್ತು” ಅಂದ. ಹದಿನೆಂಟು ವರ್ಷದಲ್ಲಿ ಅವನ ಎಣಿಕೆ ಒಮ್ಮೆಯೂ ತಪ್ಪಿದ್ದಿಲ್ಲ, ಅಕ್ಕಾ.

ಆಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಹಿಡಿದುಕೊಂಡ. “ಎಷ್ಟು ದಿನದಿಂದ ಹೀಗೆ, ಅಣ್ಣಾ? ನಾಳೆನೇ ತೋರಿಸ್ಕೊಳ್ಳಿ. ನಮ್ಮಪ್ಪಂಗೂ ಮೊದಲು ದನೀನೇ ಹೋಗಿದ್ದು” ಎಂದು ಅಷ್ಟಕ್ಕೇ ನಿಲ್ಲಿಸಿ ಸೈಕಲ್ಲಿನ ಬೀಗ ತಿರುವುತ್ತ ನಿಂತ. ಅವರಪ್ಪನಿಗೆ ಮುಂದೇನಾಯಿತು ಎಂದು ನಾನು ಕೇಳಲಿಲ್ಲ.

ಗುರುವಾರ ಹೋದೆ. ಡಾಕ್ಟರು ಹುಡುಗಿ, ನಮ್ಮ ಮಗಳಿಗಿಂತ ಚಿಕ್ಕವಳು. ಮೂಗಿನಲ್ಲಿ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದಳು. ಸಾಸಿವೆಗಿಂತ ತುಸು ದೊಡ್ಡದು, ಬೆಳ್ಳಗೆ. ತೆಗೆದು ಪರೀಕ್ಷೆ ಮಾಡಬೇಕು, ಇಪ್ಪತ್ತನೇ ತಾರೀಕು ಸೋಮವಾರ ಬನ್ನಿ ಅಂದಳು. ಇಪ್ಪತ್ತಾರಕ್ಕೆ ನಮ್ಮ ಕಾರ್ಯಕ್ರಮ, ಒಂದು ವಾರ ಈಚೆ ಆಚೆ ಮಾಡಿ ಎಂದು ಚೌಕಾಸಿಗೆ ಇಳಿದೆ. “ಇದು ಕಾಯೋ ವಿಷಯ ಅಲ್ಲ ಸರ್.” ದನಿ ಉಳಿಯುತ್ತದೆಯೇ? “ಮಾತಾಡ್ತೀರಿ. ಹಾಡೋದರ ಬಗ್ಗೆ ಮಾತು ಕೊಡೋಕಾಗಲ್ಲ.” ಅದು ಕೆಟ್ಟ ಗಂಟೇ? “ಪರೀಕ್ಷೆ ಆಗ್ದೆ ಏನೂ ಹೇಳಲ್ಲ.” ನಲವತ್ತು ವರ್ಷ ಗಿರಾಕಿಗಳನ್ನು ಬಗ್ಗಿಸಿದ ನಾಲಿಗೆ ಅವಳ ಮುಂದೆ ಒಂದು ಇಂಚೂ ಕೆಲಸ ಮಾಡಲಿಲ್ಲ.

ಅಂದಿನಿಂದ ಗಂಟೆಗೊಮ್ಮೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಆ ಕೆಳಗಿನ ಸ್ವರ ಇದೆಯೇ ಎಂದು ನೋಡುತ್ತೇನೆ. ಬೆಳಿಗ್ಗೆ ಇರುತ್ತದೆ. ಮಧ್ಯಾಹ್ನಕ್ಕೆ ಬರೀ ಗಾಳಿ. ಅಂಗೈ ಬೆವರಿ ನಲ್ಲಿ ಮುಚ್ಚಲು ಎರಡು ಸಲ ತಿರುಗಿಸಬೇಕಾಗುತ್ತದೆ. ಸಾವಿನ ಹೆದರಿಕೆ ಇಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ಹೆಚ್ಚಿಗೆ, ಬದುಕಿ ಉಳಿದು ಮಂಗಳವಾರ ಆರು ಗಂಟೆಗೆ ಮನೆಯಲ್ಲಿ ಕುರ್ಚಿ ಮೇಲೆ ಕೂತಿರುವುದು ಕಣ್ಣಿಗೆ ಕಟ್ಟುತ್ತದೆ. “ನಿಂಗೆ ಬಾಯೊಂದಿದ್ರೆ ಸಾಕು ಕಣೋ, ಎಲ್ಲಾದ್ರೂ ಬದುಕ್ಕೋತೀಯ” ಅನ್ನುತ್ತಿದ್ದೆಯಲ್ಲ, ಈಗ ಅದಕ್ಕೇ ಬಂದು ಕೂತಿದೆ.

ನೀನು ಮಂಡಿ ನೋಯಿಸಿಕೊಂಡು ಬರುವುದೇನೂ ಬೇಡ. ಸಣ್ಣ ಕತ್ತರಿ, ಎರಡು ದಿನದ ಆಸ್ಪತ್ರೆ, ಅಷ್ಟೇ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ ತಿಳಿಸು.

ನಿನ್ನ,
ಬಾಯಿಬಡುಕ ತಮ್ಮ

ಅಕ್ಕಾ, ಲಕೋಟೆ ಅಂಟಿಸುವ ಮೊದಲು ಇನ್ನೊಂದು. ಮನೆಯಲ್ಲಿ ನನ್ನವಳಿಗೆ ನಾನು ಇನ್ನೂ ಹೇಳಿಲ್ಲ. ಇಪ್ಪತ್ತಕ್ಕೆ ಕಣ್ಣಿನ ಪರೀಕ್ಷೆ ಎಂದುಕೊಂಡಿದ್ದಾಳೆ. “ಏನ್ರೀ, ಈಗೀಗ ಮನೆ ಎಷ್ಟು ತಣ್ಣಗಿದೆ” ಎಂದು ನಿನ್ನೆ ಖುಷಿಯಾಗಿ ನಕ್ಕಳು. ಆಸ್ಪತ್ರೆಯ ಕಾಗದದಲ್ಲಿ ಜೊತೆಗೆ ಬರುವವರು ಯಾರು ಎಂದು ಕೇಳಿದ್ದರು, ನಿನ್ನನ್ನು ಕೇಳದೆಯೇ ನಿನ್ನ ಹೆಸರು ಬರೆದಿದ್ದೇನೆ. ಮೇಲೆ ಬರಬೇಡ ಅಂದಿದ್ದನ್ನು ಹೊಡೆದು ಹಾಕು. ಹತ್ತೊಂಬತ್ತರ ಭಾನುವಾರ ಸಂಜೆಯೊಳಗೆ ಬಂದು ಅವಳಿಗೆ ನೀನೇ ಹೇಳು. ನಾನು ಹೇಳಲು ಹೋದರೆ ಅಳು ಬರುತ್ತದೆ, ಅಳುವುದು ಗಂಟಲಿಗೆ ಒಳ್ಳೆಯದಲ್ಲವಂತೆ.