ನಿನ್ನೂರಿನ ಗಡಿಯಾರ

ಹೊಲಿಗೆ ಅಂಗಡಿ,
ಬುಧವಾರ ಮಧ್ಯಾಹ್ನ

ನನ್ನ ಗುಬ್ಬಿಗೆ ಅಣ್ಣನ ಆಶೀರ್ವಾದ.

ಹೇಗಿದ್ದೀಯೆ? ಉಸಿರು ಸಲೀಸಾಗಿ ಆಡುತ್ತಿದೆಯೆ, ಇಲ್ಲ ಈಗಲೂ ಎರಡು ದಿಂಬಿಗೆ ಒರಗಿಕೊಂಡೇ ಮಲಗುತ್ತೀಯಾ? ಫೋನಿನಲ್ಲಿ ಕೇಳಿದರೆ "ಏನಿಲ್ಲ ಅಣ್ಣ, ಸ್ವಲ್ಪ ಸುಸ್ತು" ಅನ್ನುತ್ತೀಯೆ. ಚಿಕ್ಕವಳಿದ್ದಾಗ ನನ್ನ ಮಿಷನ್ನಿನ ಸೂಜಿ ಬೆರಳಿಗೆ ಹೊಕ್ಕು ರಕ್ತ ಸೋರುತ್ತಿದ್ದರೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟು "ಏನಿಲ್ಲ" ಎಂದವಳು ನೀನು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಿನಗೆ ಹೃದಯದ ಆಪರೇಷನ್ ಎಂದು ನಿನ್ನ ಕೋಣೆಯ ಗೆಳತಿಯೇ ಹೇಳಬೇಕಾಯಿತು. ಅವಳನ್ನು ಬೈಯಬೇಡ, ಪಾಪ, ಅಳುತ್ತಲೇ ಹೇಳಿದಳು.

ಅದನ್ನು ಕೇಳಿದ ಮೇಲೆ ನನಗೆ ಕೆಲಸದ ಮೇಲೆ ಗಮನವೇ ಇಲ್ಲ. ಒಂದೇ ಅಂಗಿಗೆ ಎರಡೂ ಎಡತೋಳೇ ಕತ್ತರಿಸಿಟ್ಟೆ. ಆಮೇಲೆ ಪಕ್ಕದ ಮನೆಯ ಮಗುವಿನ ಅಟ್ಲಾಸ್ ತಂದು, ನನ್ನೂರಿನಿಂದ ನಿನ್ನೂರಿಗೆ ಟೇಪು ಹಿಡಿದೆ. ಒಂದು ಗೇಣೂ ಇಲ್ಲ. ಆದರೆ ಆ ಗೇಣಿನಲ್ಲಿ ಮುಕ್ಕಾಲು ಪಾಲು ಬರೀ ನೀಲಿ, ಕಾಲೂರಲು ಒಂದು ಚುಕ್ಕೆ ನೆಲವಿಲ್ಲ. ನಾಲ್ಕು ಸಾವಿರದ ಆರುನೂರು ಕಿಲೋಮೀಟರ್, ಆರು ಗಂಟೆಯ ಹಾರಾಟ ಎಂದು ಟಿಕೆಟ್ ಮಾಡಿಸುವವನು ಹೇಳಿದ. ನಡುವೆ ಎಲ್ಲಿ ನಿಲ್ಲಿಸುತ್ತಾರೆ ಎಂದು ಕೇಳಿದ್ದಕ್ಕೆ "ನಿಲ್ಲಿಸಿದ್ರೆ ಕಷ್ಟ ಯಜಮಾನ್ರೇ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಆದರೂ ಲೆಕ್ಕ ಹಾಕಿದೆ. ಶುಕ್ರವಾರ ಬೆಳಗಿನ ಜಾವ ಎರಡಕ್ಕೆ ಹೊರಟರೆ ಎಂಟಕ್ಕೆ ಅಲ್ಲಿ. ಹತ್ತರೊಳಗೆ ನಿನ್ನ ಮುಖ ನೋಡಬಹುದು. ಅದನ್ನೇ ಕೊಡು ಎಂದು ಹಣ ಕಟ್ಟಿ ಬಂದೆ. ಟಿಕೆಟನ್ನು ಓದಿದವಳು ನಿನ್ನ ಅತ್ತಿಗೆ. "ಇಲ್ಲಿ ತಲುಪೋದು ಹತ್ತೂವರೆ ಅಂತಿದೆ, ನೀವು ಎಂಟು ಅಂತೀರಿ. ಬಟ್ಟೆ ಅಳೆಯೋ ಟೇಪಲ್ಲಿ ಆಕಾಶ ಅಳೆದ್ರಾ?" ಅಂದಳು. ನಿನ್ನೂರಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ ಓಡುತ್ತದೆ ಎನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ ಗುಬ್ಬಿ. ನಾನು ಇನ್ನೂ ಮೋಡದ ಮೇಲಿರುವಾಗಲೇ ನಿನ್ನನ್ನು ಒಳಗೆ ಕರೆದುಕೊಂಡು ಹೋಗಿಬಿಡುತ್ತಿದ್ದರು.

ಓಡಿಹೋಗಿ ಟಿಕೆಟ್ ಬದಲಾಯಿಸಿಕೊಂಡು ಬಂದೆ. ನಾಳೆ ಬೆಳಿಗ್ಗೆಯೇ ಹೊರಡುವುದು. "ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿದ್ರೆ ತೊಡೆ ನಡುಗತ್ತೆ, ಇವರು ವಿಮಾನ ಹತ್ತತಾರಂತೆ" ಎಂದು ಅತ್ತಿಗೆ ಅಣಕಿಸುತ್ತಲೇ ಪೆಟ್ಟಿಗೆಗೆ ನನ್ನ ಬಟ್ಟೆ ತುಂಬುತ್ತಿದ್ದಾಳೆ. ಒಂದೇ ಅಂಗಿಯನ್ನು ಮೂರು ಸಲ ಮಡಿಸಿದಳು. ಅವಳಿಗೂ ಹೆದರಿಕೆಯೇ, ಬಾಯಿ ಮಾತ್ರ ಜೋರು. ನಿನಗೆ ಮುಂದೆ ಗುಂಡಿಯಿರುವ, ಎದೆಗೆ ಒತ್ತದ ಎರಡು ಸಡಿಲ ರವಿಕೆ ಹೊಲಿದಿದ್ದೇನೆ. ತೋಳು ಸರಿಯಾಗಿಯೇ ಇವೆ, ಅವಳೇ ನೋಡಿದ್ದಾಳೆ.

ಅತ್ತಿಗೆಯ ನೂರು ಹರಕೆಗಳೊಂದಿಗೆ,
ನಿನ್ನ ಅಣ್ಣ

ತಾ.ಕ.: ಅಂಚೆಯಲ್ಲಿ ಈ ಕಾಗದ ತಲುಪಲು ಹತ್ತು ದಿನವಾದರೂ ಬೇಕಂತೆ. ಅದಕ್ಕೇ ಜೇಬಿನಲ್ಲಿಟ್ಟುಕೊಂಡು ನಾನೇ ತರುತ್ತಿದ್ದೇನೆ. ಎದುರು ಕೂತರೆ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ಓದಿ ಮುಗಿಸಿ ನನಗೆ "ಏನಿಲ್ಲ ಅಣ್ಣ" ಅನ್ನಬೇಡ. ಅಷ್ಟು ನೀರು ದಾಟಿ ಬರುವುದು ಅದನ್ನು ಕೇಳುವುದಕ್ಕಲ್ಲ. ಹೆದರಿಕೆ ಆಗುತ್ತಿದ್ದರೆ ಆಗುತ್ತಿದೆ ಅನ್ನು. ನನಗೂ ಆಗುತ್ತಿದೆ. ಹತ್ತು ಗಂಟೆಯವರೆಗೆ ಕೈ ಹಿಡಿದುಕೊಂಡು ಇಬ್ಬರೂ ಒಟ್ಟಿಗೆ ಹೆದರೋಣ.