ದಾರ ಕತ್ತರಿಸಿದ ಸೆಲ್ಲುಗಳು

ಮನೆಯಿಂದ,
ಮೂರನೇ ತಾರೀಖು, ಸೋಮವಾರ

ಹಿರಿಸೊಸೆಗೆ ಅತ್ತೆಯ ಆಶೀರ್ವಾದ.

ನಿನ್ನ ಮಣಿಕಟ್ಟಿನ ನೋವು ಹೇಗಿದೆ? ಅಕ್ಕನ ಮನೆಯೆಂದು ಒಳ್ಳೆಯವಳಾಗಲು ಹೋಗಿ ನೀರಿನ ಬಕೆಟ್ ಎತ್ತಬೇಡ. ನಾನು ಚೆನ್ನಾಗಿದ್ದೇನೆ. ಮಂಡಿ ಹಳೆಯದು, ಅದರ ಮಾತು ಬಿಡು. ನಿನ್ನ ಗಂಡ ಊಟ ಮಾಡುತ್ತಾನೆ, ಮಾತಾಡುವುದಿಲ್ಲ. ನೀನು ಹೋಗಿ ಎರಡು ತಿಂಗಳಾಯಿತು. ಯಾಕೆ ಹೋದೆಯೆಂದು ನಾನು ಕೇಳುತ್ತಿಲ್ಲ. ಬ್ಯಾಂಡ್ ಮೇಷ್ಟ್ರ ಎದುರಿಗೆ "ಹೊಲಿಯೋದು ಕೆಲಸ, ಫೋಟೊ ತೆಗೆಯೋದು ಆಟ" ಎಂದವಳು ನಾನೇ, ಮರೆತಿಲ್ಲ.

ಈಗ ಬರೆಯುತ್ತಿರುವುದು ನಿನ್ನ ಕ್ಯಾಮೆರಾದ ವಿಷಯ. ಬ್ಯಾಂಡಿನವರ ಹನ್ನೆರಡು ಕೋಟು ಹೊಲಿದು ಮುಗಿದಿವೆ. ಹೊಲಿದ ಬಟ್ಟೆ ನಮ್ಮ ಹೊಲಿಗೆ ಅಂಗಡಿಯಿಂದ ಹೊರಡುವ ಮೊದಲು ಮುಂದಿನಿಂದೊಂದು, ಹಿಂದಿನಿಂದೊಂದು ಫೋಟೊ ತೆಗೆದು ಪುಸ್ತಕಕ್ಕೆ ಅಂಟಿಸುವ ಪದ್ಧತಿ ನೀನು ಹಾಕಿದ್ದು. ಗಿರಾಕಿಗಳಿಗೆ ಅದೇ ಚಟವಾಗಿದೆ. "ಅಮ್ಮಾ, ಪುಸ್ತಕದಲ್ಲಿ ಬರದಿದ್ರೆ ಮುಂದಿನ ವರ್ಷ ಹೀಗೇ ಬೇಕು ಅಂತ ಯಾವುದನ್ನ ತೋರಿಸಲಿ?" ಎಂದು ಮೇಷ್ಟ್ರು ಹಟ ಹಿಡಿದರು. ಇದೇನು ಬ್ರಹ್ಮವಿದ್ಯೆಯೇ ಎಂದುಕೊಂಡು ನಾನೇ ಕೈಗೆತ್ತಿಕೊಂಡೆ. ಎರಡು ಫೋಟೊ ತೆಗೆದದ್ದೇ ತಡ, ಕ್ಯಾಮೆರಾ ಕಣ್ಣು ಮುಚ್ಚಿತು. ನಿನ್ನ ಡಬ್ಬಿಯ ಎಂಟು ಸೆಲ್ಲುಗಳನ್ನೂ ಚಾರ್ಜು ಮಾಡಿ, ಎರಡೆರಡಾಗಿ ಹಾಕಿ ನೋಡಿದೆ. ಎಲ್ಲವೂ ಅಷ್ಟೇ.

ರೇಡಿಯೊ ರಿಪೇರಿ ಅಂಗಡಿಗೆ ಹೋದೆ. ಅಲ್ಲಿಂದ ನನ್ನ ತಲೆ ಕೆಟ್ಟಿದ್ದು. ಸಾದಾ ಸೆಲ್ಲಿಗೆ ಒಂದೂವರೆ ವೋಲ್ಟು, ಚಾರ್ಜು ಮಾಡುವ ಸೆಲ್ಲಿಗೆ ಅದಕ್ಕಿಂತ ಕಡಿಮೆ. ಆದರೂ ಹೆಚ್ಚು ಫೋಟೊ ತೆಗೆಯುವುದು ಕಡಿಮೆ ಇರುವುದೇ ಅಂತೆ. ಅದರಲ್ಲೂ ಎರಡು ಬಗೆ. ಒಂದರ ಮೇಲೆ ಎರಡು ಸಾವಿರದ ಐನೂರು, ಇನ್ನೊಂದರ ಮೇಲೆ ಎರಡು ಸಾವಿರ ಎಂದು ಬರೆದಿತ್ತು. ದೊಡ್ಡ ಅಂಕಿಯದನ್ನೇ ಕೊಡು ಎಂದರೆ, "ಅದು ಹೆಚ್ಚು ಹಿಡಿಯುತ್ತೆ ಅಜ್ಜಿ, ಆದ್ರೆ ಸುಮ್ಮನಿಟ್ರೂ ಇಳಿದುಹೋಗುತ್ತೆ. ಚಿಕ್ಕದು ತಿಂಗಳುಗಟ್ಟಲೆ ಹಾಗೇ ಇರುತ್ತೆ" ಎಂದ. ಚಾರ್ಜರಿನದು ಇನ್ನೊಂದು ಪುರಾಣ. ಒಂದು ಗಂಟೆಯಲ್ಲಿ ತುಂಬುವುದು ಸೆಲ್ಲನ್ನು ಕಾಯಿಸಿ ಆಯುಸ್ಸು ತಿನ್ನುತ್ತದೆ. ನಿಧಾನದ್ದು ತುಂಬಿದ ಮೇಲೂ ತಾನಾಗಿ ನಿಲ್ಲುವುದಿಲ್ಲ. ನಿಲ್ಲಬೇಕಾದಲ್ಲಿ ನಿಲ್ಲದ್ದನ್ನು ಯಾಕೆ ಮಾರುತ್ತೀಯ ಎಂದೆ. "ಎಷ್ಟೋ ಜನಕ್ಕೂ ಆ ಗುಣ ಇಲ್ಲ, ಮನೆಯಿಂದ ಓಡಿಸ್ತೀರಾ?" ಎಂದ. ಅವನ ನಾಲಿಗೆ ಉದ್ದ. ಕೊನೆಗೆ ತಾನೇ ನಿಲ್ಲುವ ಮೂರನೆಯ ಚಾರ್ಜರೊಂದನ್ನೂ ಚಿಕ್ಕ ಅಂಕಿಯ ಒಂದು ಜೊತೆ ಸೆಲ್ಲನ್ನೂ ಕೊಟ್ಟ. ಸರಿಯೋ ತಪ್ಪೋ ನನಗೆ ಗೊತ್ತಿಲ್ಲ.

ಹಳೆಯವು ಯಾಕೆ ಹೀಗಾದವೆಂದು ಕೇಳಿದ್ದಕ್ಕೆ, "ಜೊತೆ ಕಲಸಿದ್ದೀರಾ?" ಎಂದ. ಬಳಲಿದ ಸೆಲ್ಲು ಗಟ್ಟಿಯಾದದ್ದನ್ನೂ ಕೂರಿಸಿಬಿಡುತ್ತದಂತೆ. ಜೊತೆಗೆ ತಂದದ್ದನ್ನು ಜೊತೆಗೇ ತುಂಬಬೇಕು, ಜೊತೆಗೇ ಹಾಕಬೇಕು, ಅಗಲಿಸಬಾರದು. ಆಗ ಹೊಳೆಯಿತು. ನೀನು ಒಂದೊಂದು ಜೊತೆಗೆ ಒಂದೊಂದು ಬಣ್ಣದ ದಾರ ಸುತ್ತಿದ್ದೆ. ಬಿಟ್ಟ ದಾರ ಕಂಡರೆ ಕತ್ತರಿಸುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಡಬ್ಬಿ ಒರೆಸುವಾಗ ನಾಲ್ಕೂ ಜೊತೆಯ ದಾರ ಕತ್ತರಿಸಿ ಎಸೆದಿದ್ದೆ. ಇದನ್ನು ಊಟದ ಹೊತ್ತಿಗೆ ಹೇಳಿದಾಗ ನಿನ್ನ ಗಂಡ ತಟ್ಟೆ ಬಿಟ್ಟು ಎದ್ದುಹೋದ. ತಟ್ಟೆ ಮುಚ್ಚಿಟ್ಟೆ.

ಹೊಸ ಜೊತೆ ಹಾಕಿದ ಮೇಲೆ ಕ್ಯಾಮೆರಾ ಸಾಯುವುದಿಲ್ಲ. ಹನ್ನೆರಡು ಕೋಟೂ ತೆಗೆದೆ. ಫೋಟೊದಲ್ಲಿ ಕಪ್ಪು ಬಟ್ಟೆಯ ಗುಂಡಿಯೂ ಕಾಣುವುದಿಲ್ಲ, ಹೊಲಿಗೆಯೂ ಕಾಣುವುದಿಲ್ಲ. ಹನ್ನೆರಡು ಕಾಗೆ ನೇತುಹಾಕಿದ ಹಾಗಿದೆ. ನೀನು ತೆಗೆದ ಹಳೆಯ ಫೋಟೊದಲ್ಲಿ ಅದೇ ಕಪ್ಪು ಬಟ್ಟೆಯ ಒಂದೊಂದು ಗುಂಡಿಮನೆಯನ್ನೂ ಎಣಿಸಬಹುದು. ಇದಕ್ಕೂ ಸೆಲ್ಲಿಗೂ ಏನು ಸಂಬಂಧವೆಂದು ಕೇಳಿದರೆ ರೇಡಿಯೊದವನು ಕೈಮುಗಿದ.

ನಿನ್ನ ಅಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನ ಅತ್ತೆ

ಮರೆತಿದ್ದೆ: ಬೆಳಿಗ್ಗೆ ಮೇಷ್ಟ್ರು ಬಂದಿದ್ದರು. ಹೊಲಿಗೆಯವರೆಲ್ಲ ಮಿಷನ್ ನಿಲ್ಲಿಸಿ ಕೇಳುವ ಹಾಗೆ, "ಫೋಟೊ ತೆಗೆಯೋದೂ ಕೆಲಸವೇ, ನನಗೆ ಬಾರದ ಕೆಲಸ" ಎಂದು ಅವರಿಗೆ ಹೇಳಿದೆ. ಅವರು ಬೀದಿಯೆಲ್ಲ ಸಾರುವ ಮೊದಲು ನೀನು ನನ್ನಿಂದಲೇ ತಿಳಿದುಕೋ. ಇಪ್ಪತ್ತಕ್ಕೆ ಅವರ ಕಾರ್ಯಕ್ರಮ. ಹಿರಿಸೊಸೆ ಬಂದು ಫೋಟೊ ತೆಗೆಯದೆ ಒಂದು ಕೋಟೂ ಹೊಸಿಲು ದಾಟುವುದಿಲ್ಲ ಎಂದಿದ್ದೇನೆ. ಯಾವ ಬಸ್ಸೆಂದು ಬರೆ. ನಿನ್ನ ಗಂಡನನ್ನು ಕಳಿಸುವುದಿಲ್ಲ, ಆ ಮಾತು ಆಡಿದವಳು ನಾನು, ನಿಲ್ದಾಣಕ್ಕೆ ನಾನೇ ಬರುತ್ತೇನೆ.